ಬಸ್ಕಿಗೆ ಎಂಥ ನೆಲ ಬೇಕು?

ಗಟ್ಟಿ ನೆಲದ ಮೇಲೆ ನಿಂತು ಸರಾಸರಿ 128 ಕೆಜಿ ಹೊತ್ತು ಒಂದು ಬಸ್ಕಿ ಹೊಡೆಯಬಲ್ಲ ಯುವಕರು ಅವರು. ಕಾಲಡಿ ಅಲುಗುವಂತೆ ಮಾಡಿದಾಗ ಅದೇ ಯುವಕರು ಹೊತ್ತು ಏಳಲು ಸಾಧ್ಯವಾದದ್ದು ಸರಾಸರಿ 84 ಕೆಜಿ. ಅಮೆರಿಕದ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ರಿ ಮೆಕ್‌ಬ್ರೈಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಬದಲಾದದ್ದು ಅಂಗಾಲಿನ ಕೆಳಗಿನ ಕೆಲವು ಅಂಗುಲ ಮಾತ್ರ. ಅಷ್ಟಕ್ಕೇ ಮೂರರಲ್ಲೊಂದು ಪಾಲು ಭಾರ ಕೈಬಿಟ್ಟುಹೋಯಿತು.

ಜಿಮ್‌ಗೆ ಹೋದವರ ಕಿವಿಗೆ ಬೀಳುವ ಮಾತು ಇದಕ್ಕಿಂತ ಬೇರೆ. ಅರ್ಧ ಚೆಂಡಿನಂಥ ಬೋಸು, ಗಾಳಿ ತುಂಬಿದ ರಬ್ಬರ್ ತಟ್ಟೆ, ಅಡಿಯಲ್ಲಿ ಉಬ್ಬಿರುವ ಮರದ ಹಲಗೆಯಾದ ವಾಬಲ್ ಬೋರ್ಡ್, ಇವುಗಳ ಮೇಲೆ ನಿಂತು ಸ್ಕ್ವಾಟ್, ಅಂದರೆ ಬಸ್ಕಿ, ಮಾಡಿದರೆ ಕಾಲಿನ ಸ್ನಾಯುಗಳು ಹೆಚ್ಚು ದುಡಿಯುತ್ತವೆ, ಹಾಗಾಗಿ ಹೆಚ್ಚು ಬೆಳೆಯುತ್ತವೆ ಎಂದು ತರಬೇತುದಾರರು ಹೇಳುತ್ತಾರೆ. ಹೇಳುವವರಿಗೆ ತಮ್ಮ ಅನುಭವದ ಆಧಾರವಿದೆ: ಅವುಗಳ ಮೇಲೆ ನಿಂತರೆ ಕಾಲು ನಡುಗುತ್ತದೆ, ನಿಮಿಷದೊಳಗೆ ಬೆವರು ಕಿತ್ತುಬರುತ್ತದೆ. ಇಷ್ಟೆಲ್ಲ ಒದ್ದಾಟ ನಡೆಯುವಾಗ ಸ್ನಾಯು ಹೆಚ್ಚು ದುಡಿಯುತ್ತಿಲ್ಲ ಎಂದರೆ ನಂಬುವವರು ಯಾರು? ಕಳೆದ ಇಪ್ಪತ್ತೈದು ವರ್ಷಗಳ ಅಧ್ಯಯನಗಳನ್ನು ಒಂದೊಂದಾಗಿ ಓದುತ್ತಾ ಬಂದ ಮೇಲೆ ನನಗೆ ಕಂಡದ್ದು, ‘ಕಾಲಿನ ಸ್ನಾಯು’ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟುವುದರಲ್ಲೇ ತೊಡಕಿದೆ. ಮಂಡಿಯಿಂದ ಮೇಲಿನ ಕಾಲು ಒಂದು ಉತ್ತರ ಕೊಡುತ್ತದೆ, ಮಂಡಿಯಿಂದ ಕೆಳಗಿನ ಕಾಲು ಇನ್ನೊಂದು.

ಈ ಸಾಧನಗಳು ಜಿಮ್‌ನಲ್ಲಿ ಹುಟ್ಟಿದವಲ್ಲ, ಹೆಚ್ಚಿನವು ಚಿಕಿತ್ಸೆಯ ಕೋಣೆಯಿಂದ ಬಂದವು. ಪದೇ ಪದೇ ಉಳುಕುವ ಪಾದಕ್ಕೆ ಅಲುಗುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಒಳ್ಳೆಯದೆಂದು ಬ್ರಿಟನ್ನಿನ ಮೂಳೆ ವೈದ್ಯ ಎಂ. ಎ. ಆರ್. ಫ್ರೀಮನ್ ಮತ್ತು ಸಹೋದ್ಯೋಗಿಗಳು 1965ರಲ್ಲಿ ಬರೆದರು. ಈಗ ಸ್ವಿಸ್ ಬಾಲ್ ಎಂದು ಕರೆಯುವ ದೊಡ್ಡ ಚೆಂಡನ್ನು ಇಟಲಿಯ ಅಕ್ವಿಲಿನೊ ಕೊಸಾನಿ 1963ರಲ್ಲಿ ತಯಾರಿಸಿದರು. ಹೆಸರಿನಲ್ಲಿ ಸ್ವಿಸ್ ಸೇರಿದ್ದು ಸ್ವಿಟ್ಜರ್ಲೆಂಡಿನ ಫಿಸಿಯೋಥೆರಪಿಸ್ಟರು ಅದನ್ನು ಬಳಸಿ ಪ್ರಸಿದ್ಧಿಗೆ ತಂದದ್ದರಿಂದ. ಬೋಸು ತೀರಾ ಈಚಿನದು, ಅಮೆರಿಕದ ಡೇವಿಡ್ ವೆಕ್ 1999ರಲ್ಲಿ ರೂಪಿಸಿದ್ದು. ರೋಗಿಯ ಕಾಲಿಗೆಂದು ಹುಟ್ಟಿದ ವಿಚಾರ ಆಟಗಾರನ ಕಾಲಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಈ ಶತಮಾನ ಶುರುವಾದ ಮೇಲೆ.

ನಮ್ಮ ಗರಡಿಮನೆಯ ನೆನಪು ಇಲ್ಲಿ ಬರುವುದು ಸಹಜ. ದಂಡ ಮತ್ತು ಬಸ್ಕಿ ಅಲ್ಲಿಯ ನಿತ್ಯದ ಸಾಧನೆ, ಅಲ್ಲಿಯ ನೆಲ ಕೆಮ್ಮಣ್ಣಿನದು. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಆ ಮಣ್ಣು ಮೆತ್ತಗಿರುವುದು ಕುಸ್ತಿಯಲ್ಲಿ ಬಿದ್ದವನಿಗೆ ಪೆಟ್ಟಾಗದಿರಲೆಂದು. ಅದು ಪಾದದ ಕೆಳಗೆ ತುಸು ಇಳಿಯುತ್ತದೆ, ಆದರೆ ಪಕ್ಕಕ್ಕೆ ವಾಲುವುದಿಲ್ಲ. ಮೆತ್ತಗಿರುವ ನೆಲ ಬೇರೆ, ಹೊರಳುವ ನೆಲ ಬೇರೆ. ‘ಅಸ್ಥಿರ’ ಎಂಬ ಒಂದೇ ಪದದ ಅಡಿಯಲ್ಲಿ ಸಂಶೋಧಕರು ಫೋಮ್ ದಿಂಬಿನಿಂದ ಹಿಡಿದು ಒಂದೇ ಬಿಂದುವಿನ ಮೇಲೆ ತೂಗುವ ಶಂಕುವಿನವರೆಗೆ ಎಲ್ಲವನ್ನೂ ಪರೀಕ್ಷಿಸಿದ್ದಾರೆ. ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಸ್ನಾಯುವಿನ ದುಡಿಮೆಯನ್ನು ಅಳೆಯುವುದು ಹೇಗೆ? ಇಸಿಜಿ ಹೃದಯದ ವಿದ್ಯುತ್ತನ್ನು ಹಿಡಿಯುವಂತೆ ಇಎಂಜಿ ಸ್ನಾಯುವಿನ ವಿದ್ಯುತ್ತನ್ನು ಹಿಡಿಯುತ್ತದೆ. ಚರ್ಮದ ಕೂದಲು ತೆಗೆದು, ಒರೆಸಿ, ಸ್ನಾಯುವಿನ ಉಬ್ಬಿನ ಮೇಲೆ ಎರಡು ಎಲೆಕ್ಟ್ರೋಡ್ ಅಂಟಿಸುತ್ತಾರೆ. ನರದಿಂದ ಆಜ್ಞೆ ಬಂದು ಸ್ನಾಯುವಿನ ಎಳೆಗಳು ಬಿಗಿಯುವಾಗ ಹೊಮ್ಮುವ ಸಣ್ಣ ವಿದ್ಯುತ್ ಅದರಲ್ಲಿ ದಾಖಲಾಗುತ್ತದೆ. ಆ ಸ್ನಾಯುವನ್ನು ಶಕ್ತಿಮೀರಿ ಬಿಗಿ ಹಿಡಿದಾಗ ಬರುವ ಅಳತೆಯನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಶೇಕಡಾವಾರು ಹೇಳುವುದು ರೂಢಿ. ಒಂದು ಎಚ್ಚರ ಮಾತ್ರ ಬೇಕು. ಇಎಂಜಿ ತೋರಿಸುವುದು ಸ್ನಾಯುವಿಗೆ ಎಷ್ಟು ಜೋರಾಗಿ ಆಜ್ಞೆ ಬಂದಿದೆ ಎಂಬುದನ್ನು. ಆ ಆಜ್ಞೆಯಿಂದ ಎಷ್ಟು ಬಲ ಹುಟ್ಟಿತು, ಹುಟ್ಟಿದ ಬಲ ಭಾರ ಎತ್ತಲು ಹೋಯಿತೋ ಕೀಲನ್ನು ಬಿಗಿಯಲು ಹೋಯಿತೋ ಎಂಬುದನ್ನಲ್ಲ. ಈ ವಿಷಯದ ಅರ್ಧ ಗೊಂದಲ ಇದನ್ನು ಮರೆತದ್ದರಿಂದ ಹುಟ್ಟಿದೆ.

ಬಸ್ಕಿಯಲ್ಲಿ ಕೆಳಗಿಳಿದು ಮೇಲೇಳುವಾಗ ಮಂಡಿಯನ್ನು ನೇರ ಮಾಡುವುದು ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು. ಜಿಮ್ ಭಾಷೆಯಲ್ಲಿ ಕ್ವಾಡ್ಸ್. ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್, ಒಳಬದಿಯ ವಾಸ್ಟಸ್ ಮೀಡಿಯಾಲಿಸ್, ನಡುವಿನ ರೆಕ್ಟಸ್ ಫೆಮೊರಿಸ್ ಇವು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅಳೆಯುವವು. ಸೊಂಟವನ್ನು ನೆಟ್ಟಗೆ ತರುವುದು ಪೃಷ್ಠದ ದೊಡ್ಡ ಸ್ನಾಯು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸೊಂಟಕ್ಕೆ ನೆರವಾಗುತ್ತಲೇ ಮಂಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಇನ್ನು ಮೀನಖಂಡ: ಮೇಲ್ಪದರದ ಗ್ಯಾಸ್ಟ್ರೋಕ್ನೀಮಿಯಸ್, ಅದರಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡ ಸೋಲಿಯಸ್. ಸುಮ್ಮನೆ ನಿಂತಿರುವಾಗಲೂ ನಾವು ಮುಂದಕ್ಕೆ ಬೀಳದಂತೆ ಹಿಡಿದಿರುವುದು ಈ ಸೋಲಿಯಸ್. ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಹೆಸರು ಅದೇ.

ಮೊದಲು ತೊಡೆಯ ಲೆಕ್ಕ ನೋಡೋಣ. ಮೆಕ್‌ಬ್ರೈಡ್ ತಂಡದ 2006ರ ಪ್ರಯೋಗದಲ್ಲಿ ಒಂಬತ್ತು ಯುವಕರು ಅರ್ಧ ಬಸ್ಕಿಯ ಭಂಗಿಯಲ್ಲಿ ನಿಂತು, ಅಲುಗದ ಸರಳನ್ನು ಹೆಗಲಿನಿಂದ ಸಾಧ್ಯವಾದಷ್ಟು ಜೋರಾಗಿ ಮೇಲಕ್ಕೆ ಒತ್ತಿದರು. ನೆಲ ಅಸ್ಥಿರವಾದಾಗ ಗರಿಷ್ಠ ಬಲ ಶೇ 45.6ರಷ್ಟು ಕುಸಿಯಿತು. ವಾಸ್ಟಸ್ ಲ್ಯಾಟರಾಲಿಸ್‌ನ ಚಟುವಟಿಕೆ ಶೇ 37.3, ಮೀಡಿಯಾಲಿಸ್‌ನದು ಶೇ 34.4 ಕಡಿಮೆಯಾಯಿತು. ತೊಡೆ ಹೆಚ್ಚು ದುಡಿಯುವುದಿರಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಲಸ ಬಿಟ್ಟುಕೊಟ್ಟಿತು. ನಾರ್ವೆಯ ಆಟ್ಲೆ ಸೇಟರ್‌ಬಾಕನ್ ಮತ್ತು ಮಾರಿಯಸ್ ಫಿಮ್ಲಾಂಡ್ 2013ರಲ್ಲಿ ಅಸ್ಥಿರತೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನೋಡಿದರು. ಹದಿನೈದು ಯುವಕರು, ಗಟ್ಟಿ ನೆಲ, ವಾಲುವ ಹಲಗೆ, ಬೋಸು, ತೂಗುವ ಶಂಕು. ನೆಲಕ್ಕೆ ಹೋಲಿಸಿದರೆ ಬಲ ಹಲಗೆಯ ಮೇಲೆ ಶೇ 7, ಬೋಸು ಮೇಲೆ ಶೇ 19, ಶಂಕುವಿನ ಮೇಲೆ ಶೇ 24 ಇಳಿಯಿತು. ಎರಡೂ ವಾಸ್ಟಸ್‌ಗಳ ಚಟುವಟಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಸ್ನಾಯುವಿಗೆ ಆಜ್ಞೆ ಅಷ್ಟೇ ಬರುತ್ತಿದೆ, ನೆಲಕ್ಕೆ ಇಳಿಯುವ ಬಲ ಮಾತ್ರ ಸೋರಿಹೋಗುತ್ತಿದೆ.

ಎಲ್ಲಿಗೆ ಸೋರುತ್ತದೆ? ಈ ವಿಷಯದ ತಿರುಳು ಇಲ್ಲಿದೆ. ಗಟ್ಟಿ ನೆಲವನ್ನು ಒತ್ತಿದರೆ ಅದು ಅಷ್ಟೇ ಬಲದಿಂದ ನಮ್ಮನ್ನು ಮೇಲಕ್ಕೆ ಒತ್ತುತ್ತದೆ. ಹೊರಳುವ ಹಲಗೆಯನ್ನು ಒತ್ತಿದರೆ ಅದು ಮೊದಲು ವಾಲುತ್ತದೆ. ಜೋರಾಗಿ ಒತ್ತಿದಷ್ಟೂ ತಪ್ಪಿನ ಬೆಲೆ ಹೆಚ್ಚು. ಆಗ ನರಮಂಡಲ ಒಂದು ಹಳೆಯ ಉಪಾಯಕ್ಕೆ ಮೊರೆಹೋಗುತ್ತದೆ: ಕೀಲಿನ ಎದುರುಬದುರಿನ ಸ್ನಾಯುಗಳನ್ನು ಒಟ್ಟಿಗೇ ಬಿಗಿಯುವುದು. ಡೇರೆಯ ಕಂಬ ಬೀಳದಂತೆ ಎರಡೂ ಬದಿಯ ಹಗ್ಗ ಜಗ್ಗಿ ಕಟ್ಟುತ್ತಾರಲ್ಲ, ಹಾಗೆ. ಕಂಬ ನಿಲ್ಲುತ್ತದೆ, ಆದರೆ ಒಂದು ಹಗ್ಗದ ಎಳೆತವನ್ನು ಇನ್ನೊಂದು ತಿಂದುಹಾಕುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೆಮ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಚೆಂಡಿನ ಮೇಲೆ ಕೂತು ಮಂಡಿ ನೇರ ಮಾಡಲು ಒತ್ತಿದಾಗ, ಬೆಂಚಿನ ಮೇಲೆ ಕೂತು ಒತ್ತಿದ್ದಕ್ಕಿಂತ ಬಲ ಶೇ 70.5 ಕಡಿಮೆ. ಪಾದವನ್ನು ಕೆಳಕ್ಕೆ ಒತ್ತುವ ಬಲ ಇಳಿದದ್ದು ಶೇ 20.2 ಮಾತ್ರ. ಮುಖ್ಯ ಸ್ನಾಯುವಿಗೆ ಹೋಲಿಸಿದರೆ ವಿರುದ್ಧ ಸ್ನಾಯುವಿನ ಪಾಲು ಮಂಡಿಯಲ್ಲಿ ಸುಮಾರು ಶೇ 40, ಪಾದದಲ್ಲಿ ಸುಮಾರು ಶೇ 30 ಏರಿತ್ತು. ಮಂಡಿ ಇಷ್ಟು ಸೋತು ಪಾದ ಇಷ್ಟು ಉಳಿಸಿಕೊಂಡದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಓರೆಕೋರೆ ನೆಲವನ್ನು ಸಂಭಾಳಿಸುವುದು ಮೀನಖಂಡಕ್ಕೆ ಹೊಸದಲ್ಲ, ಹುಟ್ಟಿ ನಡೆಯಲು ಕಲಿತಂದಿನಿಂದ ಅದು ಮಾಡುತ್ತಿರುವ ಕೆಲಸ.

ಕೆಳಗಾಲಿನ ಕಥೆಗೆ ಬಂದರೆ, ಬೆಮ್ ಅವರೇ ಕೆನೆತ್ ಆಂಡರ್ಸನ್ ಜೊತೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚಿನವರು ಉಲ್ಲೇಖಿಸುವಂಥದು. ಹದಿನಾಲ್ಕು ಜನ ಮೂರು ಬಗೆಯಲ್ಲಿ ಸ್ಕ್ವಾಟ್ ಮಾಡಿದರು: ಸರಳು ಹಳಿಯ ಮೇಲಷ್ಟೇ ಚಲಿಸುವ ಸ್ಮಿತ್ ಮಷೀನಿನಲ್ಲಿ, ಬರಿಯ ನೆಲದ ಮೇಲೆ, ಎರಡು ಗಾಳಿ ತಟ್ಟೆಗಳ ಮೇಲೆ. ಹೊತ್ತ ಭಾರ ಮೂರರಲ್ಲೂ ಒಂದೇ. ಸೋಲಿಯಸ್, ಹೊಟ್ಟೆಯ ಸ್ನಾಯುಗಳು, ಸೊಂಟದ ಹಿಂದಿನ ಬೆನ್ನುಸ್ನಾಯುಗಳು ತಟ್ಟೆಯ ಮೇಲೆ ಅತಿ ಹೆಚ್ಚು, ಮಷೀನಿನಲ್ಲಿ ಅತಿ ಕಡಿಮೆ ಚಟುವಟಿಕೆ ತೋರಿದವು. ಕೆಸರುಗದ್ದೆಯಲ್ಲಿ ಅರ್ಧ ದಿನ ಓಡಾಡಿದವರಿಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಗೊತ್ತು. ಗದ್ದೆಯವರು ಇಎಂಜಿ ಇಲ್ಲದೆಯೇ ಅರಿತಿದ್ದ ಸಂಗತಿ ಇದು.

ಇದಕ್ಕಿಂತ ನನಗೆ ಹಿಡಿಸಿದ್ದು 2015ರ ಇನ್ನೊಂದು ಪ್ರಯೋಗ. ಮೈಕೆಲ್ ಲಾರೆನ್ಸ್ ಮತ್ತು ಲಾರಾ ಕಾರ್ಲ್‌ಸನ್ ನೆಲವನ್ನು ಮುಟ್ಟಲೇ ಇಲ್ಲ, ಭಾರವನ್ನು ಅಲುಗಿಸಿದರು. ಸರಳಿನ ತುದಿಗಳಿಂದ ತೂಕಗಳನ್ನು ರಬ್ಬರ್ ಪಟ್ಟಿಯಲ್ಲಿ ತೂಗುಬಿಟ್ಟು, ಪಳಗಿದ ಹದಿನೈದು ಗಂಡಸರಿಂದ ಅವರ ಗರಿಷ್ಠದ ಶೇ 60ರಷ್ಟು ಭಾರದಲ್ಲಿ ಸ್ಕ್ವಾಟ್ ಮಾಡಿಸಿದರು. ಆಗಲೂ ಹೆಚ್ಚಾದದ್ದು ಹೊಟ್ಟೆಯ ಸ್ನಾಯುಗಳು ಮತ್ತು ಅದೇ ಸೋಲಿಯಸ್. ನೆಲಕ್ಕೆ ಇಳಿದ ಬಲದಲ್ಲಿ ಕೊರತೆಯಾದದ್ದು ಶೇ 3.9 ಅಷ್ಟೇ. ಅಲುಗಾಟ ಮೇಲಿನಿಂದ ಬರಲಿ ಕೆಳಗಿನಿಂದ ಬರಲಿ, ಅದನ್ನು ತಡೆದುಕೊಳ್ಳುವುದು ನಡು ಮತ್ತು ಮೀನಖಂಡ. ತೊಡೆ ಎತ್ತುವ ಸ್ನಾಯು, ಸಂಭಾಳಿಸುವ ಸ್ನಾಯುವಲ್ಲ.

ಇಷ್ಟಾದರೂ ‘ವ್ಯತ್ಯಾಸವೇ ಇಲ್ಲ’ ಎನ್ನುವ ವರದಿಗಳೂ ಉಂಟು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ರೀಬಾಕ್ ಕೋರ್ ಬೋರ್ಡ್ ಎಂಬ ವಾಲುವ ಹಲಗೆಯ ಮೇಲೂ ನೆಲದ ಮೇಲೂ ಕೆಳಗಾಲು, ತೊಡೆಗಳ ಚಟುವಟಿಕೆ ಒಂದೇ ತೆರ ಇದೆ ಎಂದಿತು. ಮೈಕೆಲ್ ವಾಲ್ ಮತ್ತು ಬೆಮ್ 2008ರಲ್ಲಿ ವರ್ಷಗಟ್ಟಲೆ ಭಾರ ಎತ್ತಿ ಪಳಗಿದ ಹದಿನಾರು ಜನರನ್ನು ಬೇರೆ ಬೇರೆ ಸಾಧನಗಳ ಮೇಲೆ ನಿಲ್ಲಿಸಿ ನೋಡಿದಾಗ, ಗಾಳಿ ತಟ್ಟೆ ಮತ್ತು ಬೋಸು ಅವರ ಸ್ನಾಯುಗಳನ್ನು ಕೆಣಕಲೇ ಇಲ್ಲ. ವಾಬಲ್ ಬೋರ್ಡ್ ಮತ್ತು ಸ್ವಿಸ್ ಬಾಲ್ ಮಾತ್ರ ಕೆಣಕಿದವು. ಇದರಲ್ಲಿ ವಿರೋಧ ಇಲ್ಲ. ವರ್ಷಗಳ ಕಾಲ ತೂಗಾಡುವ ಸರಳನ್ನು ಹೆಗಲಿಗೇರಿಸಿದವನ ನರಮಂಡಲಕ್ಕೆ ಸಣ್ಣ ಅಲುಗಾಟ ಅಲುಗಾಟವೇ ಅಲ್ಲ. ಹೊಸಬನಿಗೆ ಬೋಸು ಕಾಡುಹಾದಿ, ಪಳಗಿದವನಿಗೆ ಅದು ಮನೆಯ ಅಂಗಳ.

ಸ್ಮಿತ್ ಮಷೀನಿನ ವಿಚಾರದಲ್ಲಿ ತುಸು ನಿಲ್ಲಬೇಕು, ಏಕೆಂದರೆ ಇಲ್ಲಿ ತೊಡೆ ತಿರುಗಿ ಬೀಳುತ್ತದೆ. ಕೆನಡಾದ ಸಸ್ಕಾಚವನ್ ವಿಶ್ವವಿದ್ಯಾಲಯದ ಶೇನ್ ಶ್ವಾನ್‌ಬೆಕ್ ಮತ್ತು ಸಂಗಡಿಗರು 2009ರಲ್ಲಿ ಆರು ಜನರನ್ನು ಮಷೀನಿನಲ್ಲೂ ಬಿಡಿ ಸರಳಿನಲ್ಲೂ ಎಂಟು ಸಲ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಪರೀಕ್ಷಿಸಿದರು. ಬಿಡಿ ಸರಳಿನಲ್ಲಿ ಎಲ್ಲ ಸ್ನಾಯುಗಳ ಸರಾಸರಿ ಚಟುವಟಿಕೆ ಶೇ 43 ಹೆಚ್ಚು; ಗ್ಯಾಸ್ಟ್ರೋಕ್ನೀಮಿಯಸ್ ಶೇ 34, ಹ್ಯಾಮ್‌ಸ್ಟ್ರಿಂಗ್‌ನ ಬೈಸೆಪ್ಸ್ ಫೆಮೊರಿಸ್ ಶೇ 26, ವಾಸ್ಟಸ್ ಮೀಡಿಯಾಲಿಸ್ ಶೇ 49. ಮಷೀನು ಬಿಡಿ ಸರಳಿಗಿಂತ ಸ್ಥಿರ, ಆದರೂ ತೊಡೆ ಅಲ್ಲಿ ಕಡಿಮೆ ದುಡಿಯಿತು. ಹಾಗಾದರೆ ಅಸ್ಥಿರತೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಹಳಿ ಹಿಡಿದ ಸರಳಿಗೆ ಬೆನ್ನನ್ನು ಆನಿಸಬಹುದು, ಪಾದವನ್ನು ಮುಂದಕ್ಕೆ ಇಟ್ಟು ನಿಲ್ಲಬಹುದು. ಇಡೀ ಚಲನೆಯ ಜ್ಯಾಮಿತಿಯೇ ಬೇರೆಯಾಗುತ್ತದೆ. ಆರು ಜನರ ಪ್ರಯೋಗದ ಮೇಲೆ ದೊಡ್ಡ ಮನೆ ಕಟ್ಟಲು ನಾನು ಹಿಂಜರಿಯುತ್ತೇನೆ. ಆದರೂ ಗಟ್ಟಿ ನೆಲ ಮತ್ತು ಬಿಡಿ ಸರಳು, ಈ ಜೋಡಿಯಲ್ಲಿಯೇ ಸಾಕಷ್ಟು ಅಲುಗಾಟವಿದೆ ಎಂಬ ಮಾತಿಗೆ ಅದು ಬಲ ಕೊಡುತ್ತದೆ. ಹ್ಯಾಮ್ಲಿನ್, ಬೆಮ್ ಮತ್ತು ಯಂಗ್ 2007ರಲ್ಲಿ ಕಂಡದ್ದೂ ಅದೇ ಜಾಡಿನದು: ಗರಿಷ್ಠದ ಶೇ 80 ಭಾರ ಹೊತ್ತು ನೆಲದ ಮೇಲೆ ಮಾಡಿದ ಸ್ಕ್ವಾಟ್, ಚೆಂಡಿನ ಮೇಲೆ ಮಾಡುವ ನಡುವಿನ ವ್ಯಾಯಾಮಗಳಿಗಿಂತ ಬೆನ್ನುಸ್ನಾಯುಗಳನ್ನು ಹೆಚ್ಚು ದುಡಿಸಿತು.

ಈ ಎಲ್ಲ ಅಂಕಿಗಳ ಒಳಗೆ ಓದುಗರನ್ನು ದಾರಿ ತಪ್ಪಿಸುವ ಒಂದು ಅಂಶವಿದೆ. ಹೋಲಿಸುವಾಗ ಭಾರವನ್ನು ಒಂದೇ ಇಟ್ಟರೋ, ಶ್ರಮವನ್ನು ಒಂದೇ ಇಟ್ಟರೋ ಎಂಬುದು. ಎರಡೂ ಕಡೆ 40 ಕೆಜಿ ಕೊಟ್ಟರೆ ಅಲುಗುವ ನೆಲದವನಿಗೆ ಕಷ್ಟ ಹೆಚ್ಚು, ಚಟುವಟಿಕೆಯೂ ಹೆಚ್ಚಿರಬಹುದು. ಆದರೆ ಬಲ ಬೆಳೆಸುವ ಕಸರತ್ತಿನಲ್ಲಿ ಯಾರೂ ಹಾಗೆ ಭಾರ ಆರಿಸುವುದಿಲ್ಲ. ತಮ್ಮಿಂದಾಗುವ ಗರಿಷ್ಠದ ಇಂತಿಷ್ಟು ಪಾಲು ಎಂದು ಆರಿಸುತ್ತಾರೆ. ಆ ಲೆಕ್ಕದಲ್ಲಿ ನೋಡಿದಾಗ, ಮೆಕ್‌ಬ್ರೈಡ್ ಅವರ 2010ರ ಪ್ರಯೋಗ ತೋರಿದಂತೆ, ಅಲುಗುವ ನೆಲ ತೊಡೆಗೆ ಯಾವ ಮೇಲುಗೈಯನ್ನೂ ಕೊಡುವುದಿಲ್ಲ. ಇನ್ನೊಂದು ನಷ್ಟ ಕಣ್ಣಿಗೆ ಬೀಳದೆ ಆಗುತ್ತದೆ. ಎರಿಕ್ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು 2007ರಲ್ಲಿ ಗಮನಿಸಿದಂತೆ, ಫೋಮ್ ಅಥವಾ ಬೋಸು ಮೇಲೆ ನಿಂತವರು ತಮಗೆ ಅರಿವಿಲ್ಲದೆಯೇ ಕಡಿಮೆ ಆಳಕ್ಕೆ ಇಳಿಯುತ್ತಾರೆ, ನಿಧಾನವಾಗಿ ಏಳುತ್ತಾರೆ. ಆಳ ಕಡಿಮೆಯಾದರೆ ತೊಡೆಗೂ ಪೃಷ್ಠಕ್ಕೂ ಸಿಗುವ ಕೆಲಸ ಕಡಿಮೆ.

ಒಂದು ದಿನದ ಇಎಂಜಿಯಿಂದ ವರ್ಷದ ಫಲ ಹೇಳಲಾಗದು. ಅದಕ್ಕೆ ವಾರಗಟ್ಟಲೆ ತರಬೇತಿಯ ಪ್ರಯೋಗಗಳೇ ಬೇಕು. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಕ್ರೆಸಿ ಮತ್ತು ಇತರರು ಹತ್ತೊಂಬತ್ತು ಕಾಲೇಜು ಫುಟ್‌ಬಾಲ್ ಆಟಗಾರರಿಗೆ ಹತ್ತು ವಾರ ಒಂದೇ ಕಾರ್ಯಕ್ರಮ ಕೊಟ್ಟು, ಒಂದು ಗುಂಪಿನ ಕೆಲವು ವ್ಯಾಯಾಮಗಳನ್ನು ಮಾತ್ರ ಗಾಳಿ ತಟ್ಟೆಯ ಮೇಲೆ ಮಾಡಿಸಿದರು. 2007ರ ಆ ವರದಿಯಲ್ಲಿ, ನೆಲದ ಗುಂಪಿನ ಜಿಗಿತ ಶೇ 2ರಿಂದ 3ರಷ್ಟು ಸುಧಾರಿಸಿತು, ತಟ್ಟೆಯ ಗುಂಪಿನದು ಸುಧಾರಿಸಲಿಲ್ಲ. 40 ಗಜದ ಓಟದಲ್ಲಿ ನೆಲದವರು ಶೇ 3.9 ಸಮಯ ಉಳಿಸಿದರೆ ತಟ್ಟೆಯವರು ಶೇ 1.8. ಪಳಗದವರಲ್ಲಿ ಚಿತ್ರ ಇಷ್ಟು ನಿಚ್ಚಳವಲ್ಲ. ಆರ್ಮಿನ್ ಕಿಬೆಲೆ ಮತ್ತು ಬೆಮ್ 2009ರಲ್ಲಿ ನಲವತ್ತು ವಿದ್ಯಾರ್ಥಿಗಳಿಗೆ ಏಳು ವಾರ ತರಬೇತಿ ಕೊಟ್ಟಾಗ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿಯೇ ಮುಂದುವರಿದವು. ಏನೂ ಮಾಡದವರು ಏನು ಮಾಡಿದರೂ ಸುಧಾರಿಸುತ್ತಾರೆ; ಮೊದಲ ಕೆಲವು ವಾರ ಕಲಿಯುವುದು ನರಮಂಡಲ, ಸ್ನಾಯು ಅಲ್ಲ. ಕೆನಡಾದ ವ್ಯಾಯಾಮ ಶರೀರಶಾಸ್ತ್ರ ಸಂಘ 2010ರಲ್ಲಿ ತಳೆದ ನಿಲುವೂ ಇದಕ್ಕೆ ಹೊಂದುತ್ತದೆ: ಆಟಗಾರರಿಗೆ ನೆಲದ ಮೇಲಿನ ಬಿಡಿ ಭಾರದ ವ್ಯಾಯಾಮವೇ ತಳಹದಿ, ಅಲುಗುವ ಸಾಧನಗಳು ಪುನಶ್ಚೇತನಕ್ಕೆ ಮತ್ತು ಆರೋಗ್ಯಕ್ಕಾಗಿ ವ್ಯಾಯಾಮ ಮಾಡುವವರಿಗೆ ಉಪಯುಕ್ತ.

ಭಾರ ಎತ್ತುವ ಕ್ರೀಡೆ ಈ ತೀರ್ಮಾನಕ್ಕೆ ಪ್ರಯೋಗಾಲಯಕ್ಕಿಂತ ಮೊದಲೇ ಬಂದಿತ್ತು. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಆ ಹಂತದ ವೇಟ್‌ಲಿಫ್ಟರುಗಳು ತೊಡುವ ಬೂಟು ನೋಡಿ. ಹಿಮ್ಮಡಿ ಎತ್ತರಿಸಿದ, ಒತ್ತಿದರೆ ಸ್ವಲ್ಪವೂ ತಗ್ಗದ ಗಟ್ಟಿ ಅಟ್ಟೆ. ಓಡುವ ಬೂಟಿನ ಮೆತ್ತೆಯನ್ನು ಕೂಡ ಅವರು ಕಾಲಡಿ ಬರಗೊಡುವುದಿಲ್ಲ.

ಹಾಗೆಂದು ಅಲುಗುವ ಹಲಗೆಯನ್ನು ಮೂಲೆಗೆ ಎಸೆಯಲು ನಾನು ಸಿದ್ಧನಿಲ್ಲ. ಇಟಲಿಯಲ್ಲಿ ಕರಾಫಾ ಮತ್ತು ಸಂಗಡಿಗರು ನಲವತ್ತು ತಂಡಗಳ 600 ಫುಟ್‌ಬಾಲ್ ಆಟಗಾರರನ್ನು ಮೂರು ಹಂಗಾಮು ಗಮನಿಸಿ 1996ರಲ್ಲಿ ವರದಿ ಮಾಡಿದರು. ಹಲಗೆಯ ಮೇಲೆ ಸಮತೋಲನ ಕಲಿತ ಅರ್ಧದಷ್ಟು ಜನರಲ್ಲಿ ಮಂಡಿಯ ಮುಂಭಾಗದ ಕ್ರೂಸಿಯೇಟ್ ಅಸ್ಥಿರಜ್ಜು ಹರಿದದ್ದು 10 ಪ್ರಕರಣ, ಕಲಿಯದ ಅರ್ಧದಲ್ಲಿ 70. ಆಟಗಾರರನ್ನು ಚೀಟಿ ಎತ್ತಿ ಹಂಚಿರಲಿಲ್ಲ ಎಂಬ ಕೊರತೆ ಅದಕ್ಕಿದ್ದರೂ ಅಂತರ ಸಣ್ಣದಲ್ಲ. ನೆದರ್ಲೆಂಡ್ಸಿನಲ್ಲಿ 2001–02ರ ಹಂಗಾಮಿನಲ್ಲಿ 116 ವಾಲಿಬಾಲ್ ತಂಡಗಳ ಮೇಲೆ ನಡೆದ ಎವರ್ಟ್ ವೆರ್‌ಹಾಗನ್ ಅವರ ಅಧ್ಯಯನದಲ್ಲಿ ಹಲಗೆಯ ಅಭ್ಯಾಸ ಪಾದದ ಉಳುಕನ್ನು ಕಡಿಮೆ ಮಾಡಿತು, ಮುಖ್ಯವಾಗಿ ಮೊದಲೇ ಒಮ್ಮೆ ಉಳುಕಿಸಿಕೊಂಡವರಲ್ಲಿ. ಅದೇ ಅಧ್ಯಯನದಲ್ಲಿ, ಹಿಂದೆ ಮಂಡಿ ನೋವಿದ್ದವರಿಗೆ ಅತಿಬಳಕೆಯ ಮಂಡಿ ನೋವು ಹೆಚ್ಚಿತು. ಫಿಸಿಯೋಥೆರಪಿಗೆ ಹೋಗುವವರು ಈ ಎರಡನೆಯ ಮಾತನ್ನೂ ಕೇಳಿರಬೇಕು ಎಂಬುದು ನನ್ನ ಆಸೆ. ಬ್ರೆಜಿಲ್‌ನಲ್ಲಿ ಸಿಲ್ವಾ–ಬಟಿಸ್ಟಾ ಮತ್ತು ಸಹೋದ್ಯೋಗಿಗಳು 39 ಪಾರ್ಕಿನ್‌ಸನ್ ರೋಗಿಗಳಿಗೆ ಹನ್ನೆರಡು ವಾರ ನೀಡಿದ ತರಬೇತಿಯ ಫಲಿತಾಂಶ 2016ರಲ್ಲಿ ಬಂತು. ಕುರ್ಚಿಯಿಂದ ಎದ್ದು ನಡೆದು ಮರಳಿ ಕೂರುವ ಪರೀಕ್ಷೆಯಲ್ಲಿ ಸುಧಾರಿಸಿದ್ದು ಭಾರದ ಜೊತೆಗೆ ಅಲುಗಾಟವನ್ನೂ ಪಡೆದ ಗುಂಪು ಮಾತ್ರ. ಬರಿಯ ಭಾರ ಎತ್ತಿದ ಗುಂಪಿಗೆ ಆ ಲಾಭ ಸಿಗಲಿಲ್ಲ. ಈ ರೋಗಿಗಳಿಗೆ ಬೇಕಾದದ್ದು ತೊಡೆಯ ಗಾತ್ರಕ್ಕಿಂತ ಹೆಚ್ಚಾಗಿ ಬೀಳದೆ ತಿರುಗುವ ಜಾಣ್ಮೆ.

ಇಎಂಜಿ ಪ್ರಯೋಗಗಳಲ್ಲಿ ನಿಂತವರು ಬಹುಪಾಲು ಇಪ್ಪತ್ತರ ಹರೆಯದ ಆರೋಗ್ಯವಂತ ಗಂಡಸರು. ಹತ್ತು, ಹದಿನೈದು ಜನ. ಅಡುಗೆಮನೆಯಲ್ಲಿ ಜಾರುವ ಭಯದಲ್ಲಿ ಹೆಜ್ಜೆಯಿಡುವ ಅರವತ್ತೈದರ ಅಮ್ಮಂದಿರ ಸೋಲಿಯಸ್ ಬಗ್ಗೆ ಆ ಅಂಕಿಗಳು ಹೇಳುವುದು ಅಲ್ಪ. ಅಂಥವರನ್ನು ಹೆಚ್ಚು ಸಂಖ್ಯೆಯಲ್ಲಿ ಪ್ರಯೋಗಾಲಯಕ್ಕೆ ಕರೆತರಬೇಕಾಗಿದೆ.

ಎರಡು ವರ್ಷದ ಹಿಂದೆ ಮೆಟ್ಟಿಲಿನ ಕೊನೆಯ ಹೆಜ್ಜೆ ತಪ್ಪಿ ನನ್ನ ಎಡಪಾದ ಉಳುಕಿತ್ತು. ಊತ ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ವಾಬಲ್ ಬೋರ್ಡ್ ಮೇಲೆ ನಿಲ್ಲಿಸಿ, ಗೋಡೆಗೆ ಎರಡು ಬೆರಳು ತಾಗಿಸಿಕೊಂಡು ಕಾಲು ಬಸ್ಕಿ ಹೊಡೆಯಲು ಹೇಳಿದರು. ಕೈಯಲ್ಲಿ ಭಾರ ಹಿಡಿಯಲೇ ಎಂದು ಕೇಳಿದ್ದಕ್ಕೆ ಬೇಡ ಎಂದರು. ಮೂರನೆಯ ವಾರ ಬೆರಳು ತೆಗೆಸಿದರು, ಐದನೆಯ ವಾರ ಕಣ್ಣು ಮುಚ್ಚಿಸಿದರು, ಆರನೆಯ ವಾರ ಹಲಗೆಯನ್ನೇ ತೆಗೆದು ನೆಲದ ಮೇಲೆ ನಿಲ್ಲಿಸಿ ಹೆಗಲಿಗೆ ಸರಳು ಕೊಟ್ಟರು. ಎಡತೊಡೆ ಬಲತೊಡೆಗಿಂತ ಸೊರಗಿತ್ತು. ಅದು ತುಂಬಿಕೊಂಡದ್ದು ಆ ಸರಳು ಬಂದ ಮೇಲೆ.